ಕರ್ತೃ ಎಂಬ ಕಾಲಂ

"ಇದೇನಮ್ಮ, ನನ್ನ ಹೆಸರು ಹಾಕಿದ್ರೆ ಏನೂ ಬರ್ತಿಲ್ಲ!"

ಪರಿಶೀಲನೆಗೆ ಬಂದ ಸಮಿತಿಯ ಎದುರಿಗೇ ಸಸ್ಯಸಂಶೋಧನಾ ಸಂಸ್ಥೆಯ ನಿರ್ದೇಶಕರ ದನಿ ಏರಿತು. ದೊಡ್ಡ ಪರದೆಯ ಮೇಲೆ ಒಂದೇ ಸಾಲು: ಫಲಿತಾಂಶಗಳಿಲ್ಲ. ಕಂಪ್ಯೂಟರಿನ ಮುಂದೆ ಕೂತಿದ್ದ ಗ್ರಂಥಪಾಲಕಿ, "ಇನ್ನೊಂದ್ಸಲ ನೋಡ್ತೀನಿ ಸರ್" ಎಂದಳು. ಅವಳ ಹೊಟ್ಟೆ ತಣ್ಣಗಾಗಿತ್ತು.

ಸಂಸ್ಥೆಯ ಜಾಲತಾಣದ ಪ್ರತಿ ಪುಟಕ್ಕೂ, ಪ್ರತಿ ಚಿತ್ರಕ್ಕೂ ಕಣ್ಣಿಗೆ ಕಾಣದ ಒಂದು ಪರಿಚಯಪತ್ರವಿರುತ್ತದೆ. ಶೀರ್ಷಿಕೆ, ಕರ್ತೃ, ವಿಷಯ, ದಿನಾಂಕ ಎಲ್ಲ ಅದರಲ್ಲೇ; ಮೆಟಾಡೇಟಾ ಅನ್ನುತ್ತಾರೆ ಅದಕ್ಕೆ. ಯಾವುದು ಯಾವ ಕಾಲಂನಲ್ಲಿರಬೇಕೆಂದು ಜಗತ್ತೆಲ್ಲ ಒಪ್ಪಿದ ನಿಯಮವುಂಟು, ಹುಡುಕುವ ಯಂತ್ರ ಓದುವುದೂ ಆ ಕಾಲಂಗಳನ್ನಷ್ಟೇ. ಅವಳ ಗಂಡ ಇದೇ ಸಂಸ್ಥೆಯ ಛಾಯಾಗ್ರಾಹಕನಾಗಿದ್ದ. ಒದ್ದೆ ಬಂಡೆಗಳ ಮುಂದೆ ಮೊಣಕಾಲೂರಿ ಪಾಚಿಯ ಚಿತ್ರ ತೆಗೆಯುತ್ತಲೇ ಆಯುಸ್ಸು ಕಳೆದ. ಅವನು ತೀರಿಕೊಂಡು ವರ್ಷ ತುಂಬುವ ಮೊದಲೇ ಆ ಚಿತ್ರಗಳ ಕರ್ತೃ ಕಾಲಂನಲ್ಲಿ ನಿರ್ದೇಶಕರ ಹೆಸರು ಬಂದು ಕೂತಿತು. ಕೇಳಲು ಹೋದರೆ, "ಸತ್ತೋರಿಗೆ ಯಾಕಮ್ಮ ಹೆಸರು? ಸಂಸ್ಥೆ ದೊಡ್ಡದು" ಎಂದು ಫ್ಯಾನಿನ ಕಡೆ ನೋಡಿದ್ದರು. ಅಂದಿನಿಂದ ಅವಳು ಹಲ್ಲು ಕಚ್ಚಿಕೊಂಡು ಕಾದಳು.

ಸಮಿತಿ ಬರುವ ಹಿಂದಿನ ದಿನ, ನಿರ್ದೇಶಕರ ಹೆಸರಿದ್ದ ಎಲ್ಲ ದಾಖಲೆಗಳ ಶೀರ್ಷಿಕೆ, ಕರ್ತೃ, ವಿಷಯಗಳನ್ನು ಒಂದೇ ಏಟಿಗೆ ಎತ್ತಿ, ಯಂತ್ರ ಓದದ ಟಿಪ್ಪಣಿ ಕಾಲಂಗೆ ತಳ್ಳಿದಳು. ಒಂದಕ್ಷರವೂ ಅಳಿಸಲಿಲ್ಲ. ಹಾವು ಸಾಯಬೇಕು, ಕೋಲು ಮುರಿಯಬಾರದು. ಗಂಡನ ಚಿತ್ರಗಳೂ ಜೊತೆಗೇ ಮಾಯವಾದವು. ಕಳ್ಳನ ಹೆಸರಲ್ಲಿ ಮೆರೆಯುವುದಕ್ಕಿಂತ ಕತ್ತಲಲ್ಲಿರುವುದೇ ಮೇಲು ಎಂದುಕೊಂಡಳು.

ಈಗ ನಿರ್ದೇಶಕರು ಇಂಗು ತಿಂದ ಮಂಗನಂತೆ ನಿಂತಿದ್ದರು. ಆಹಾ, ಆ ಮುಖ ನೋಡಲು ಎರಡು ಕಣ್ಣು ಸಾಲದು.

"ಹೋಗ್ಲಿ ಬಿಡಿ," ಎಂದರು ಸಮಿತಿಯ ಹಿರಿಯ ಹೆಂಗಸು. "ನಾನು ಬಂದಿದ್ದೇ ಆ ಪಾಚಿ ಚಿತ್ರಗಳಿಗೋಸ್ಕರ. ಪುಸ್ತಕ ಮಾಡ್ಬೇಕು ಅಂತಿದೀವಿ. ಅವನ್ನ ತೋರಿಸಿ."

ಗ್ರಂಥಪಾಲಕಿ 'ಪಾಚಿ' ಎಂದು ಒತ್ತಿದಳು. ಫಲಿತಾಂಶಗಳಿಲ್ಲ.

"ಅಯ್ಯೋ, ಕಳೆದೇ ಹೋದ್ವಾ?" ಆಕೆ ನಿಜಕ್ಕೂ ನೊಂದುಕೊಂಡರು.

ಗ್ರಂಥಪಾಲಕಿ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು. ಮಣ್ಣುಗೂಡಬೇಕಾದ್ದು ಈ ಮನುಷ್ಯನ ಹೆಸರು, ಗಂಡನ ದುಡಿಮೆಯಲ್ಲ.

"ಇವೆ ಮೇಡಂ. ತಪ್ಪು ಕಾಲಂಗೆ ಹೋಗಿವೆ. ಇಲ್ಲೇ ಸರಿ ಮಾಡ್ತೀನಿ."

ಮೊದಲ ಚಿತ್ರದ ಪರಿಚಯಪತ್ರವನ್ನು ಪರದೆಯ ಮೇಲೆ ತೆರೆದಳು. ಶೀರ್ಷಿಕೆ ತುಂಬಿದಳು, ವಿಷಯ ತುಂಬಿದಳು. ಕರ್ತೃ ಕಾಲಂನಲ್ಲಿ ಗಂಡನ ಹೆಸರನ್ನು ಒಂದೊಂದೇ ಅಕ್ಷರವಾಗಿ ಒತ್ತತೊಡಗಿದಳು.

"ಏನಮ್ಮ ಮಾಡ್ತಿದ್ದೀಯ?" ನಿರ್ದೇಶಕರು ಬಗ್ಗಿ ಪಿಸುಗುಟ್ಟಿದರು.

"ತೆಗೆದೋರ ಹೆಸರು ಹಾಕ್ತಿದೀನಿ ಸರ್," ಎಂದಳು, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ. "ಬೇರೆ ಯಾರಾದ್ರೂ ತೆಗೆದಿದ್ರೆ ಹೇಳಿ, ಬದಲಾಯಿಸ್ತೀನಿ."

ಸಮಿತಿಯವರೆಲ್ಲ ನಿರ್ದೇಶಕರತ್ತ ತಿರುಗಿದರು. ಅವರು ನೀರಿನ ಲೋಟಕ್ಕೆ ಕೈಚಾಚಿದರು. ಅವಳು ಎರಡನೆಯ ಚಿತ್ರ ತೆರೆದಳು. ಪರದೆಯ ಹಸಿರು ಅವರ ಬಿಳಿ ಅಂಗಿಯ ಮೇಲೆ ಮೆಲ್ಲಗೆ ಹರಡಿಕೊಂಡಿತು.