ಗುರವ್ವನ ‘ರೀ’ ಪಾಠ

“ಏಯ್, ಏಳೇ ಮೇಲೆ. ಕುರ್ಚಿ ಇರೋದು ನೀನು ಒರ್ಸೋಕೆ, ಅಂಡೂರೋಕಲ್ಲ.”

ಹೇಳಿದವನು ಸೇತುರಾಮ, ನಮ್ಮ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿ. ಹೇಳಿಸಿಕೊಂಡವಳು ಗುರವ್ವ. ಕ್ಲಬ್‌ಹೌಸಿನ ಕುರ್ಚಿಗಳನ್ನೆಲ್ಲ ಒರೆಸಿ, ಸೊಂಟ ಹಿಡಿದುಕೊಂಡಿತೆಂದು ಕೊನೆಯದರ ಮೇಲೆ ಒಂದು ಗಳಿಗೆ ಕೂತಿದ್ದಳು. ಅವಳು ಎದ್ದ ಮೇಲೂ ಅವನಿಗೆ ಸಮಾಧಾನವಾಗಲಿಲ್ಲ. ಕೂತ ಜಾಗವನ್ನು ನನ್ನ ಕೈಯಲ್ಲಿ ಇನ್ನೊಮ್ಮೆ ಒರೆಸಿಸಿದ. ಥೂ ಇವನ ಮುಸುಡಿಗಿಷ್ಟು ಎಂದು ಮನಸ್ಸಿನಲ್ಲೇ ಬೈದುಕೊಂಡು ಒರೆಸಿದೆ. ಬಾಯಿಬಿಟ್ಟು ಬೈಯುವ ಧೈರ್ಯ ನನಗೆಲ್ಲಿಂದ ಬರಬೇಕು? ನಮ್ಮ ಗೇಟ್ ಪಾಸು ಇರುವುದು ಅವನ ಫೋನಿನಲ್ಲಿ. ಅವನು ಬೆರಳು ಒತ್ತಿದರೆ ಸಾಕು, ವಾಚ್‌ಮನ್ ಶಿವಬಸಪ್ಪ ನಮ್ಮನ್ನು ಒಳಗೆ ಬಿಡುವಂತಿಲ್ಲ. ಕೆಲಸಕ್ಕೆ ಹಿಡಿದ ಮನೆಗಳೆಲ್ಲ ಒಂದೇ ಏಟಿಗೆ ಹೋಗುತ್ತವೆ.

ನಾನು ರಾಮಮ್ಮ, ಇಲ್ಲೇ ಪಕ್ಕದ ಮೂಡಲಪಾಳ್ಯದವಳು. ಶ್ರೀಗಂಧದ ಕಾವಲಿನ ಈ ಕಟ್ಟಡಕ್ಕೆ ಪಾಯ ತೋಡಿದಾಗಿನಿಂದ ಇಲ್ಲೇ ಇದ್ದೇನೆ. ಗುರವ್ವ ವಿಜಯಪುರದ ಕಡೆಯವಳು. ಸುಂಕದಕಟ್ಟೆಯಲ್ಲಿ ಬಾಡಿಗೆ ಮನೆ ಹಿಡಿದು ಎರಡು ವರ್ಷವಾಯಿತು. ಬಂದ ಹೊಸತರಲ್ಲಿ ಅವಳು “ಈ ಕಸಾ ಒಗೀಲೇನ್ರಿ?” ಎಂದು ಕೇಳಿದಾಗ ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

“ಕಸಾನ ಯಾರಾದ್ರೂ ಒಗೀತಾರೇನೇ? ಸೋಪು ಕೊಡ್ಲಾ?”

ಅವರ ಕಡೆ ಒಗೆಯುವುದೆಂದರೆ ಎಸೆಯುವುದೂ ಹೌದಂತೆ. “ಕನ್ನಡ ಬಂದ್ರೂ ಇಲ್ಲಿ ಕನ್ನಡ ತಿಳಿವಲ್ದು ರಾಮಕ್ಕ, ಪರದೇಶಕ್ಕ ಬಂದಂಗ ಆಗೇದ” ಎನ್ನುತ್ತಿದ್ದಳು ಪಾಪ.

ಇಂಥವಳು ಕನ್ನಡದ ಟೀಚರಮ್ಮ ಆಗಿದ್ದು ಮುನ್ನೂರನಾಲ್ಕರ ದೆಸೆಯಿಂದ. ನಾವು ಇಲ್ಲಿನವರನ್ನು ಕರೆಯುವುದು ಮನೆ ನಂಬರಿನಿಂದಲೇ. ಮುನ್ನೂರನಾಲ್ಕು ಎಂದರೆ ಲಖ್ನೋದ ಹೆಂಗಸು. ಕನ್ನಡ ಒಂದಕ್ಷರ ಬಾರದು. ಗುರವ್ವನಿಗೆ ಸೊಲ್ಲಾಪುರದಲ್ಲಿ ಬೀಡಿ ಕಟ್ಟಿದ ಕಾಲದ ಹಿಂದಿ ಇತ್ತು, ಏಳನೇ ಕ್ಲಾಸಿನ ಓದೂ ಇತ್ತು. ಒಂದು ದಿನ ಆಯಮ್ಮ ಚೀಟಿಯಲ್ಲಿ ನಾಲ್ಕು ಮಾತು ಬರೆದು ತಂದು, ಇವನ್ನು ಕನ್ನಡದಲ್ಲಿ ಹೇಗೆ ಹೇಳುವುದು ಎಂದು ಕೇಳಿದಳು. ನಾಳೆ ಬೇಗ ಬಾ. ಸರಿಯಾಗಿ ಗುಡಿಸು. ಯಾಕೆ ಲೇಟು? ರಜೆ ಇಲ್ಲ. ಒಂದು ಭಾಷೆಯಿಂದ ಅವಳಿಗೆ ಬೇಕಾಗಿದ್ದುದು ಇಷ್ಟೇ.

ಗುರವ್ವ ಹೇಳಿಕೊಟ್ಟಳು. ನಾಳೆ ಲಗೂನ ಬರ್ರೀ. ಛಂದಂಗ ಕಸಾ ಹೊಡೀರೀ. ಯಾಕ್ರೀ ತಡಾ ಆತು? ರಜಾ ಇಲ್ರೀ.

“ಎಲ್ಲದಕ್ಕೂ ರೀ ಯಾಕೆ?” ಎಂದು ಹಿಂದಿಯಲ್ಲಿ ಕೇಳಿದಳು ಮುನ್ನೂರನಾಲ್ಕು.

“ಉಪ್ಪಿದ್ದಂಗ್ರಿ ಅದು. ಹಾಕ್ಲಿಲ್ಲ ಅಂದ್ರ ಮಾತು ಸಪ್ಪಗಾಗ್ತದ.” ಇದನ್ನೂ ಗುರವ್ವ ಹಿಂದಿಯಲ್ಲೇ ತಿಳಿಸಿ ಹೇಳಿದಳು.

ಮಾರನೆಯ ದಿನ ನಾನು ಅವಳ ಮನೆ ಕೆಲಸಕ್ಕೆಂದು ಹೋಗಿ ಬೆಲ್ ಒತ್ತಿದೆ. ಬಾಗಿಲು ತೆರೆದ ಮುನ್ನೂರನಾಲ್ಕು, “ರಾಮಮ್ಮ, ಬರ್ರೀ” ಎಂದಳು. ನನ್ನ ಹಿಂದೆ ಯಾರಿಗೋ ಹೇಳುತ್ತಿದ್ದಾಳೆಂದು ತಿರುಗಿ ನೋಡಿದೆ. ಯಾರೂ ಇರಲಿಲ್ಲ. ನಮ್ಮ ಕಡೆ ರೀ ಎನ್ನುವುದು ಹೆಂಡತಿ ಗಂಡನಿಗೆ. ನನ್ನ ಗಂಡನಿಗೆ ನಾನೇ ಒಂದು ದಿನ ಹಾಗೆ ಅಂದವಳಲ್ಲ, ಅವನು ಅದಕ್ಕೆ ತಕ್ಕವನೂ ಆಗಿರಲಿಲ್ಲ. ಆವತ್ತು ಪಾತ್ರೆ ತಿಕ್ಕುವಾಗ ಅದೇ ಮಾತು ಕಿವಿಯಲ್ಲಿ ಗುನುಗುತ್ತಿತ್ತು. ಸುಳ್ಳೇಕೆ ಹೇಳಲಿ, ಖುಷಿಯಾಗಿತ್ತು.

ಒಬ್ಬರಿಂದ ಐವರಾದರು. ಮಂಗಳವಾರ ಮಧ್ಯಾಹ್ನ ನಾಲ್ಕಕ್ಕೆ ಕ್ಲಬ್‌ಹೌಸಿನಲ್ಲಿ ಪಾಠ. ಟೀಚರ್ ನಿಂತರೆ ನಾವು ಹೇಗೆ ಕೂರುವುದು ಎಂದು ಅವರೇ ಕುರ್ಚಿ ಹಾಕಿದರು. ಮೊದಲ ದಿನ ಗುರವ್ವ ಅದರ ತುದಿಯಲ್ಲಿ ಕೂತಳು. ಮೂರನೆಯ ವಾರಕ್ಕೆ ಬೆನ್ನು ಆನಿಸಿಕೊಂಡು ಕೂತಳು. ನಾನು ಮಾಪು ಹಿಡಿದು, ಬಾಗಿಲಿನ ಹತ್ತಿರದ ಅದೇ ನೆಲವನ್ನು ಪಾಠ ಮುಗಿಯುವವರೆಗೂ ಒರೆಸುತ್ತಿದ್ದೆ.

ರೀ ಇಡೀ ಬಿಲ್ಡಿಂಗಿಗೆ ಹತ್ತಿಕೊಂಡಿತು. “ಗೇಟ್ ತಗೀರೀ” ಎಂದು ಕಾರಿನೊಳಗಿನಿಂದ ಯಾರೋ ಕೇಳಿದ್ದಕ್ಕೆ ಶಿವಬಸಪ್ಪ ಗಾಬರಿಬಿದ್ದು ಸಲ್ಯೂಟ್ ಹೊಡೆದನಂತೆ. ಐನೂರಹನ್ನೆರಡು ತನ್ನ ನಾಯಿಗೆ “ಕುಂದರ್ರೀ” ಎನ್ನುವುದು, ಆ ನಾಯಿ ಮರ್ಯಾದೆಯಿಂದ ಕೂರುವುದು. ಲಿಫ್ಟಿನಲ್ಲಿ ಸಿಕ್ಕ ಸೇತುರಾಮನಿಗೂ ಆಯಮ್ಮ ಅದೇ ರಾಗದಲ್ಲಿ “ಬರ್ರೀ, ಸೇತುರಾಮ” ಎಂದುಬಿಟ್ಟಳು.

ಅವನು ನೇರ ಗುರವ್ವನ ಹತ್ತಿರ ಬಂದ. ಅವಳು ಮೆಟ್ಟಿಲು ತೊಳೆಯುತ್ತಿದ್ದಳು.

“ಏನೇ ಇದು? ನಾಯಿಗೂ ರೀ, ಕಕ್ಕಸು ತೊಳ್ಯೋರ್ಗೂ ರೀ, ನಂಗೂ ಅದೇ ರೀ? ಇದೂ ಒಂದು ಕನ್ನಡಾನಾ? ಮುಂದಿನ್ ವಾರ ಬೋರ್ಡ್ ಮೇಲೆ ಎರಡು ಸಾಲು ಬರಿ. ಓನರ್ಸ್‌ಗೆ ಬನ್ನಿ, ಹೋಗಿ. ಕೆಲಸದ ಮುಂಡೇವ್ಕೆ ಬಾ, ಹೋಗು. ನಿಂತ್ಕೊಂಡ್ ಹೇಳ್ಕೊಡ್ಬೇಕು. ನಾನೇ ಹಿಂದೆ ಕೂತು ನೋಡ್ತೀನಿ. ಇಲ್ಲಾಂದ್ರೆ ಪಾಸ್ ಕ್ಯಾನ್ಸಲ್. ತಿಳೀತಾ?”

“ತಿಳೀತ್ರಿ” ಎಂದಳು ಗುರವ್ವ.

ಅವನು ಹೋದ ಮೇಲೆ ನಾನು ಅವಳ ಬಕೆಟ್ಟಿನ ಪಕ್ಕ ಕುಕ್ಕರಿಸಿದೆ. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು.

“ಅವ್ನು ಹೇಳ್ದಂಗೆ ಬರ್ದ್‌ಬಿಡೇ. ಆರು ಮನೆ ಕಣೇ ನಿಂದು. ಅಲ್ಲ, ನೀನೇನು ಬೇಕಂತ್ಲೇ ಹಂಗೆ ಕಲಿಸ್ದ್ಯಾ?”

“ನಮ್ಮ ಕಡಿ ಮಾತಾಡೂದ ಹಂಗ, ರಾಮಕ್ಕ.”

“ನಿಮ್ಮೂರಲ್ಲಿ ನಿಂಗೂ ರೀ ಅಂತಿದ್ರಾ?”

ಅವಳ ಕೈಯ ಪೊರಕೆ ನಿಂತಿತು.

“ನಮಗ್ಯಾರು ಅಂತಾರ? ಗೌಡ್ರ ಮನಿ ಹುಡುಗ, ಇನ್ನೂ ಚಡ್ಡಿ ಹಾಕ್ಕೊಳ್ಳಾಕ ಬರ್ತಿದ್ದಿಲ್ಲ, ನಮ್ಮವ್ವಗ ‘ಏ ದುರ್ಗಿ, ಬಾ ಇಲ್ಲಿ’ ಅಂತಿದ್ದ. ಊರ ತುಂಬ ರೀ ಇತ್ತು, ನಮ್ಮ ಕೇರಿಗೆ ಬರೂದ್ರಾಗ ಖಾಲಿ ಆಗ್ತಿತ್ತು.” ಅಷ್ಟು ಹೇಳಿ ನನ್ನನ್ನು ನೋಡಿ ತುಟಿಯಂಚಿನಲ್ಲಿ ನಕ್ಕಳು. “ಇಲ್ಲಿ ಪುಗಸಟ್ಟೆ ಸಿಗಾಕತ್ತಿತ್ತು, ನಿಮಗೂ ಒಂದೀಟು ಹಂಚಿದೆ.”

ಮಂಗಳವಾರ ಬಂತು. ಐದೂ ಜನ ನೋಟ್‌ಬುಕ್ ತೆರೆದು ಕೂತಿದ್ದರು. ಗುರವ್ವ ಬೋರ್ಡಿನ ಮೇಲೆ ಒಂದೇ ಸಾಲು ಬರೆದಳು: ಬರ್ರೀ, ಕುಂದರ್ರೀ, ಏಳ್ರೀ. ಬರೆದು ಕುರ್ಚಿಯಲ್ಲಿ ಬೆನ್ನು ಆನಿಸಿ ಕೂತಳು. ನಾನು ಬಾಗಿಲ ಬಳಿ ನನ್ನ ನೆಲ ಒರೆಸುತ್ತಿದ್ದೆ.

ಸೇತುರಾಮ ಬಂದು ಹಿಂದಿನ ಸಾಲಿನಲ್ಲಿ ಕೂತ. ಬೋರ್ಡು ನೋಡಿದ. ಅವಳನ್ನು ನೋಡಿದ.

“ಏಯ್, ಏಳೇ ಮೇಲೆ.”

ಗುರವ್ವ ಏಳಲಿಲ್ಲ. ಅವಳದು ಪಾಠದ ದನಿಯೇ.

“ತಪ್ಪಾತ್ರಿ ಸರ್. ಏಳ್ರೀ ಅನ್ಬೇಕು. ಅನ್ರಿ, ಏಳ್ತೀನಿ.”

ಮುನ್ನೂರನಾಲ್ಕಕ್ಕೆ ಇದೂ ಪಾಠವೇ ಎನ್ನಿಸಿರಬೇಕು. ಐವರೂ ಒಟ್ಟಾಗಿ, “ಏಳ್ರೀ” ಎಂದರು.

“ನಿಮಗೆಲ್ಲಾ ಬರ್ತದ್ರಿ” ಎಂದಳು ಗುರವ್ವ. “ಹಿಂದ ಕುಂತವ್ರಿಗೆ ಬರವಲ್ದು.”

ಯಾರೋ ಕಿಸಕ್ಕೆಂದರು. ಐನೂರಹನ್ನೆರಡೇ ಇರಬೇಕು. ಸೇತುರಾಮನ ಕಿವಿ ಕೆಂಪಾಯಿತು. ಫೋನು ತೆಗೆದ, ಎಲ್ಲರಿಗೂ ಕಾಣುವಂತೆ ಮೇಲೆತ್ತಿ ಹಿಡಿದು ಬೆರಳು ಒತ್ತಿದ. ಗುರವ್ವನ ಮಡಿಲಲ್ಲಿದ್ದ ಫೋನು ಟಿಣ್ ಎಂದಿತು. ಅವಳು ಓದಿದಳು. ಪಾಸು ಹೋಗಿತ್ತು, ಆರು ಮನೆಯೂ ಹೋಗಿತ್ತು. ಫೋನನ್ನು ಕವುಚಿ ಇಟ್ಟಳು.

“ಈಗಾದ್ರೂ ಎದ್ದು ಹೋಗೇ, ಲೌಡಿ.”

“ಅದು ಪಾಠದಾಗ ಇಲ್ರಿ ಸರ್. ಏಳ್ರೀ ಅನ್ರಿ. ಅಂದ್ರ ಈಗಿಂದೀಗ ಏಳ್ತೀನಿ, ಹೋಗ್ತೀನಿ, ತಿರುಗಿ ನೋಡೂದಿಲ್ಲ.”

ಐವರೂ ಪೆನ್ನು ಹಿಡಿದು, ಹೊಸದಾಗಿ ಸೇರಿದ ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ಅವನ ಕಡೆ ತಿರುಗಿ ಕಾಯುತ್ತಿದ್ದರು. ಸಣ್ಣ ಮಾತು ಅದು. ಅವನ ಹಲ್ಲು ದಾಟಿ ಬರಲೊಲ್ಲದು.

ಎಂದಾದರೂ ಒಂದು ದಿನ ನನಗೂ ಪಾಸಿನ ಹೆದರಿಕೆ ಬಿಟ್ಟೀತೆಂದು ನಾನು ಅಂದುಕೊಂಡವಳೇ ಅಲ್ಲ. ಮಾಪನ್ನು ಗೋಡೆಗೆ ಒರಗಿಸಿದೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡೆ. ಗುರವ್ವನ ಪಕ್ಕಕ್ಕೆ ಒಂದು ಕುರ್ಚಿ ಎಳೆದುಕೊಂಡು ಕೂತೆ. ಮೆತ್ತಗಿತ್ತು, ಬೇವರ್ಸಿ ಕುರ್ಚಿ, ಇಷ್ಟು ವರ್ಷ ಒರೆಸಿದರೂ ನನಗೆ ಗೊತ್ತೇ ಇರಲಿಲ್ಲ.

ಸೇತುರಾಮ ನನ್ನನ್ನು ನೋಡಿದ. ಈಗ ಅವನು ಇಬ್ಬರಿಗೆ ರೀ ಅನ್ನಬೇಕಿತ್ತು.