ಕೂಜಾ, ಕೋಜಾ

ಎಷ್ಟು ಕೆಟ್ಟದಾಗಿ ಹಾಡುತ್ತಾನೆ ಈ ಮನುಷ್ಯ, ಶ್ರುತಿ ಒಂದು ಕಡೆ, ತಾಳ ಇನ್ನೊಂದು ಕಡೆ, ಸಾಲಿನ ಕೊನೆಗೆ ಉಸಿರು ಸಾಲದೆ ಧ್ವನಿ ಒಡೆದುಹೋಗುತ್ತದೆ, ಎರಡನೆಯ ಸಲ ಬಾರೆ ಅನ್ನುವ ಮುಂಚೆಯೇ ಉಸಿರು ತುಂಬಿಕೊಳ್ಳಬೇಕಿತ್ತಪ್ಪಾ — ಸನೋಬರಳ ಮನಸ್ಸು ತನ್ನಷ್ಟಕ್ಕೆ ತಾನು ತಪ್ಪು ಹಿಡಿಯುತ್ತಿತ್ತು, ಹದಿನೆಂಟು ವರ್ಷ ದುಶಾಂಬೆ ನಗರದ ರೇಡಿಯೊದಲ್ಲಿ ಹಾಡಿದವಳ ಮನಸ್ಸು, ಅದಕ್ಕೆ ಹೊತ್ತುಗೊತ್ತು ತಿಳಿಯುವುದಿಲ್ಲ, ಹಾಡುತ್ತಿರುವವನ ಗಲ್ಲದ ಕೆಳಗೆ ಬಂದೂಕಿನ ನಳಿಗೆ ಒತ್ತಿಕೊಂಡಿದೆ ಎಂಬುದು ಅದಕ್ಕೆ ಆಮೇಲೆ ಹೊಳೆಯಿತು, ಬಸ್ಸು ನಿಂತು ಹತ್ತು ನಿಮಿಷವಾಗಿದೆ ಎಂಬುದು ಇನ್ನೂ ಆಮೇಲೆ. ಮೊದಲ ಸಾಲಿನಲ್ಲಿ ಕೂತ ಚಿನ್ನದ ಹಲ್ಲಿನವನು ಅವನು, ನಗರ ಬಿಟ್ಟಾಗಿನಿಂದ ಸೂರ್ಯಕಾಂತಿ ಬೀಜ ಅಗಿದು ಸಿಪ್ಪೆ ಉಗುಳುತ್ತ ಬಂದವನು, ಈಗ ಬೀಜದ ಚೂರು ತುಟಿಗೆ ಅಂಟಿಕೊಂಡಿದೆ, ಒರೆಸಿಕೊಳ್ಳಲು ಕೈ ಎತ್ತುವ ಧೈರ್ಯವಿಲ್ಲ, ಕೂಜಾ ಹೊತ್ತು ಬಾರೆ, ಹೊಳೆಯ ದಾರೀಲಿ ಬಾರೆ, ಇನ್ನೊಂದ್ಸಲ, ಅನ್ನುತ್ತಾನೆ ಚರ್ಮದ ಕೋಟಿನವನು, ಅವನೇ ಬಸ್ಸು ತಡೆದ ಬಂದೂಕಿನವರಿಗೆಲ್ಲ ಹಿರಿಯ, ಮೊದಲನೇ ಪದ ಸರಿಯಾಗಿ ಕೇಳಿಸ್ಲಿಲ್ಲ, ಇನ್ನೊಂದ್ಸಲ. ಕೂಜಾ, ಅಂದ ಚಿನ್ನದ ಹಲ್ಲಿನವನು, ಹಾಡಲಿಲ್ಲ, ಅತ್ತೇಬಿಟ್ಟ, ಕೂಜಾ ಅಣ್ಣ, ಕೂಜಾ ಕೂಜಾ. ಸರಿ ಕೂತ್ಕೋ, ನಮ್ಮೋನೇ.

ಪಾಸ್‌ಪೋರ್ಟನ್ನು ಕಾಲುಚೀಲದಲ್ಲಿ ಬಚ್ಚಿಡಬಹುದು, ಒಲೆಗೆ ಹಾಕಬಹುದು, ನಾಲಿಗೇನ ಎಲ್ಲಿ ಬಚ್ಚಿಡ್ತೀರ ಅಂತ ಬಸ್ಸು ಹತ್ತಿದ ಕೂಡಲೇ ಚರ್ಮದ ಕೋಟಿನವನು ಕೇಳಿದ್ದ, ನಗುತ್ತಲೇ, ಮದುವೆ ಮನೆಯ ಯಜಮಾನನ ಹಾಗೆ, ಈ ದೇಶದಲ್ಲಿ ಈ ಹಾಡು ಬರದೇ ಇರೋರು ಯಾರಾದ್ರೂ ಇದ್ರೆ ಕೈಯೆತ್ತಿ. ಯಾರು ಎತ್ತುತ್ತಾರೆ, ಯಾರಿಗೆ ಬರುವುದಿಲ್ಲ — ತೊಟ್ಟಿಲಲ್ಲಿ ಕೇಳಿದ್ದು, ಹತ್ತಿ ಬಿಡಿಸಲು ಶಾಲೆಯ ಮಕ್ಕಳನ್ನೆಲ್ಲ ಲಾರಿಯಲ್ಲಿ ತುಂಬಿ ಕಳಿಸುವಾಗ ಹಾಡಿದ್ದು, ಸೈನ್ಯಕ್ಕೆ ಹೋದ ಹುಡುಗರು ದೂರದ ಹಿಮದಲ್ಲಿ ಹಾಡಿ ಒಬ್ಬರನ್ನೊಬ್ಬರು ಗುರುತಿಸಿದ್ದು, ಬೆಳಗ್ಗೆ ಆರಕ್ಕೆ ವಾರ್ತೆಗೆ ಮುಂಚೆ ರೇಡಿಯೊದಲ್ಲಿ ಬರುವುದು, ಅದು ಸನೋಬರಳದೇ ಧ್ವನಿ, ಇಪ್ಪತ್ತಾರರ ವಯಸ್ಸಿನ ಧ್ವನಿ. ಆದರೆ ಕೆಳಗಿನ ಕಣಿವೆಯವರು ಕೂಜಾ ಅನ್ನುತ್ತಾರೆ, ಮೇಲಿನ ಕಣಿವೆಯವರು ಕೋಜಾ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ, ನೀರು ತುಂಬುವ ಒಂದು ಮಣ್ಣಿನ ಪಾತ್ರೆ, ಅದಕ್ಕೊಂದು ಊಕಾರ ಒಂದು ಓಕಾರ, ಹೋದ ವರ್ಷದವರೆಗೆ ಬೀಗರ ನಡುವಿನ ತಮಾಷೆ, ಈಗ ಎರಡು ಕಣಿವೆಗಳಿಗೂ ಯುದ್ಧ, ಬಸ್ಸು ತಡೆದವರು ಕೆಳಗಿನವರು. ಸನೋಬರ್ ಕೆಳಗಿನ ಕಣಿವೆಯಲ್ಲಿ ಹುಟ್ಟಿ ಮೇಲಿನ ಕಣಿವೆಗೆ ಸೊಸೆಯಾಗಿ ಹೋದವಳು, ಮದುವೆಯ ದಿನ ನೆಂಟರೆಲ್ಲ ಹಾಡು ಹಾಡು ಅಂದರು, ಹಾಡಿದಳು, ಅತ್ತೆ ಬೀಬಿನೂರ್ ಎಲ್ಲರೆದುರು ಹೇಳಿದ್ದು, ನಮ್ಮನೇಲಿ ಕೋಜಾದಲ್ಲಿ ನೀರು ತರೋದಮ್ಮ, ನಿನ್ನ ಕೂಜಾನ ತವರಲ್ಲೇ ಇಟ್ಟು ಬಾ, ಗೂಬೆ ಕೂಗಿದ ಹಾಗೆ ಕೂ ಕೂ ಅಂತಾಳಲ್ಲ. ನೂರು ಜನ ನಕ್ಕರು, ಗಂಡ ಕರೋಮತ್ ಕೂಡ. ಆಮೇಲೆ ನಗರದಲ್ಲಿ ಮನೆ ಮಾಡಿದರು, ಅತ್ತೆಯೂ ಬಂದಳು, ಆರು ಗಂಟೆಗೆ ಹಾಡು ಶುರುವಾದ ಕೂಡಲೇ ಎದ್ದು ಅಡುಗೆಮನೆಗೆ ಹೋಗಿ ಪಾತ್ರೆ ಸದ್ದು ಮಾಡುತ್ತಿದ್ದಳು, ಪ್ರತಿದಿನ, ಮೊಮ್ಮಗಳು ನಿಗೀನಾಳನ್ನು ತೊಡೆಯ ಮೇಲೆ ಹಾಕಿಕೊಂಡು ಬೇಕೆಂದೇ ಗಟ್ಟಿಯಾಗಿ ಕೋಜಾ ಕೋಜಾ, ಮಗು ಶಾಲೆಯ ಹಬ್ಬದಲ್ಲಿ ವೇದಿಕೆಯ ಮೇಲೆ ಕೋಜಾ ಅಂದಿತು, ಸನೋಬರ್ ಮನೆಗೆ ಬಂದು ಅತ್ತೆಯ ಎದುರಿಗೇ ಮಗುವಿನ ಕೆನ್ನೆಗೆ ಹೊಡೆದಳು, ಐದು ಬೆರಳೂ ಮೂಡುವಂತೆ. ಮೂರು ವಾರ ಮನೆಯಲ್ಲಿ ಮಾತಿರಲಿಲ್ಲ. ಒಂದು ಅಕ್ಷರಕ್ಕೆ ಹೊಡೆದೆನಲ್ಲ, ನಾನೂ ಹೊಡೆದೆನಲ್ಲ.

ಮೇಷ್ಟ್ರೇ ಎದ್ದೇಳಿ. ಎರಡನೆಯ ಸಾಲಿನವನ ಜೇಬಿನಲ್ಲಿ ಎರಡು ಪೆನ್ನು ಕಂಡು ಹಾಗೆ ಕರೆದರೋ ಏನೋ, ಅವನು ನಿಜಕ್ಕೂ ಮೇಷ್ಟರೇ, ಗಣಿತದವನು, ಹತ್ತುವಾಗ ಅತ್ತೆಯ ಕೈ ಹಿಡಿದು ಮೆಟ್ಟಿಲು ತೋರಿಸಿದವನು, ಅಮ್ಮಾ ಕಣ್ಣಿನ ಆಪರೇಷನ್ನಾ, ಜೋಪಾನ ಅಂದವನು. ನಂಗೆ ಹಾಡೋಕೆ ಬರಲ್ಲ ಕಣಪ್ಪ, ಲೆಕ್ಕದ ಮೇಷ್ಟ್ರು ನಾನು. ಬರೋಷ್ಟು ಹಾಡಿ ಸಾರ್, ನಿಮ್ಗೇನು ಬಹುಮಾನ ಕೊಡ್ಬೇಕಾ. ಗಣಿತದವನು ಟೊಪ್ಪಿ ತೆಗೆದು ಎದೆಗೆ ಹಿಡಿದುಕೊಂಡ, ಯೋಚಿಸುತ್ತಿದ್ದಾನೆ, ಬೋರ್ಡಿನ ಮುಂದೆ ನಿಂತ ಹಾಗೆ, ಉತ್ತರ ಗೊತ್ತು ಅವನಿಗೆ, ಉತ್ತರ ಗೊತ್ತಿದ್ದೂ ಬಾಯಿ ನಲವತ್ತು ವರ್ಷದ ಹಳೆಯ ದಾರಿಯನ್ನೇ ಹಿಡಿಯಿತು, ಕೂ ಅಂತ ಹೊರಟದ್ದು ಅರ್ಧದಲ್ಲಿ ಜಾರಿ ಕೋಜಾ ಆಯಿತು, ಬಸ್ಸಿನಲ್ಲಿ ಎಲ್ಲರಿಗೂ ಕೇಳಿಸಿತು. ಇನ್ನೊಬ್ಬ ಬಂದೂಕಿನವನು, ಮಫ್ಲರ್ ಸುತ್ತಿಕೊಂಡವನು, ಕೊರಳಪಟ್ಟಿ ಹಿಡಿದು ಎಳೆದ ರಭಸಕ್ಕೆ ತಲೆ ಸೀಟಿನ ಕಬ್ಬಿಣಕ್ಕೆ ಹೊಡೆದು ಹಣೆ ಬಾಯಿಬಿಟ್ಟಿತು, ಚೀಲ ಹರಿದು ರೊಟ್ಟಿಗಳು ಉರುಳಿದವು, ದುಂಡನೆಯ ಎಂಟು ರೊಟ್ಟಿ, ತಪ್ಪಾಯ್ತಪ್ಪ ಇನ್ನೊಂದ್ಸಲ ಹೇಳ್ತೀನಿ, ಇನ್ನೊಂದ್ಸಲ, ಕೂಜಾ, ನೋಡಿ ಬರುತ್ತೆ ನಂಗೆ, ಕೂಜಾ, ಬಾಗಿಲ ಮೆಟ್ಟಿಲಲ್ಲಿ ಬಂದೂಕಿನ ಹಿಂಭಾಗ ಬೆನ್ನಿಗೆ ಬಿತ್ತು, ಒಂದು ಸಲ, ಎರಡು ಸಲ, ಎಲುಬಿನ ಸದ್ದು ಬೇರೆ, ಮಾಂಸದ ಸದ್ದು ಬೇರೆ, ಸನೋಬರಳ ಕಿವಿ ಎರಡನ್ನೂ ಬಿಡಿಸಿಟ್ಟುಕೊಂಡಿತು, ಹೊರಗೆ ಹೊಳೆಯಂಚಿನ ಪಾಪ್ಲರ್ ಮರಗಳ ಹತ್ತಿರ ಒಂದು ಗುಂಡು, ಕಾಗೆಗಳು ಎದ್ದವು, ಕೂಜಾ ಎಂಬ ಕೂಗು ಇನ್ನೂ ಇತ್ತು, ಇನ್ನೊಂದು ಗುಂಡು, ಅದೂ ನಿಂತಿತು. ಮಫ್ಲರಿನವನು ಬೂಟಿನ ಕೆಸರು ಮೆಟ್ಟಿಲಿಗೆ ಒರೆಸಿ ಒಳಗೆ ಬಂದ, ಕಾಲಬುಡದಲ್ಲಿ ರೊಟ್ಟಿ ಕಂಡಿತು, ಬಗ್ಗಿ ಎತ್ತಿಕೊಂಡ, ಧೂಳು ಊದಿ ಮುತ್ತಿಟ್ಟು ಹಣೆಗೆ ಒತ್ತಿಕೊಂಡ, ರೊಟ್ಟಿ ತುಳೀಬಾರ್ದು, ಪಾಪ ಬರುತ್ತೆ ಅಂತ ಒಂದೊಂದನ್ನೇ ಆಯ್ದು ಖಾಲಿಯಾದ ಸೀಟಿನ ಮೇಲೆ ಜೋಡಿಸಿದ. ಅವನ ತೋಳಿನಲ್ಲಿ ರಕ್ತ ಇತ್ತು, ರೊಟ್ಟಿಗೆ ತಾಗದ ಹಾಗೆ ಕೈ ದೂರ ಹಿಡಿದಿದ್ದ.

ಯಾರನ್ನೇ ಹೊಡೆದಿದ್ದು, ಅಂತ ಅತ್ತೆ ಪಿಸುಗುಟ್ಟಿದಳು. ಎರಡೂ ಕಣ್ಣಿಗೆ ಬಿಳಿ ಬ್ಯಾಂಡೇಜು, ಪೊರೆ ತೆಗೆಸಿ ಆರು ದಿನ, ಹತ್ತು ದಿನ ಬಿಚ್ಚಬಾರದು ಅಂದಿದ್ದರು ಡಾಕ್ಟರು, ಆದರೆ ನಗರದಲ್ಲಿ ಬೀದಿಬೀದಿಗೆ ಗುಂಡು ಶುರುವಾಯಿತು, ಕರೋಮತ್ ಮಗಳನ್ನು ಕರೆದುಕೊಂಡು ಮೊದಲೇ ಊರು ಸೇರಿದ್ದಾನೆ, ದಾರಿಯಲ್ಲಿ ತೊಂದರೆಯಿಲ್ಲ, ಅಮ್ಮನ್ನ ಕರ್ಕೊಂಡು ಬಂದ್ಬಿಡು ಅಂತ ಸುದ್ದಿ ಕಳಿಸಿದ್ದ, ತೊಂದರೆಯಿಲ್ಲವಂತೆ. ಯಾರನ್ನೂ ಇಲ್ಲ ಅತ್ತೆ, ಗಾಳಿಗೆ ಹೊಡೆದ್ರು. ಸುಳ್ಳಿ, ಮೇಷ್ಟ್ರು ಧ್ವನಿ ಅದು, ಕುರುಡಿ ಆದ್ರೆ ಕಿವುಡೀನೂ ಆಗ್ತಾರಾ. ಅತ್ತೆ ನಿಮ್ಮ ದಮ್ಮಯ್ಯ, ನೀವು ಕಿವುಡಿ ಅಂತ ನಾನು ಹೇಳ್ತೀನಿ, ಸುಮ್ನಿರಿ, ಹಾಡು ಅಂದ್ರೆ ಕೂಜಾ ಅನ್ನಿ, ಕೂಜಾ, ನೆನಪಿಟ್ಕೊಳ್ಳಿ. ನಂಗೆ ಪಾಠ ಹೇಳ್ತೀಯಾ, ಅಂದಳು ಮುದುಕಿ, ಅಷ್ಟೇ, ದವಡೆ ಆಡಿಸುತ್ತ ಕೂತಳು. ಮೂರನೆಯ ಸಾಲು, ನಾಲ್ಕನೆಯ ಸಾಲು, ಒಬ್ಬ ಬಸುರಿಗೆ ಧ್ವನಿಯೇ ಹೊರಡಲಿಲ್ಲ, ಕೆನ್ನೆಗೆ ಬಾರಿಸಿದರು, ಹೊರಟಿತು, ಕೂಜಾ, ಬಚಾವಾದಳು, ಅವಳ ಹಿಂದಿನ ಅಣ್ಣತಮ್ಮಂದಿರು ಬಚಾವಾಗಲಿಲ್ಲ, ಒಬ್ಬ ಕಿಟಕಿಗೆ ಹಾರಿದ, ಗಾಜಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ ಸಿಕ್ಕಿಕೊಂಡವನಿಗೆ ಹೊರಗಿನವರು ಅಲ್ಲೇ ಹೊಡೆದರು, ಕಾಲು ಎರಡು ಸಲ ಒದ್ದುಕೊಂಡಿತು, ಮಸಾಲೆ ಡಬ್ಬಿಯ ಜೀರಿಗೆ ಚೆಲ್ಲಿ ಬಸ್ಸೆಲ್ಲ ಜೀರಿಗೆ ವಾಸನೆ, ಮದುವೆಮನೆ ವಾಸನೆ, ಮದ್ದಿನ ಹೊಗೆ, ಕೂಜಾ ಕೋಜಾ, ಸನೋಬರಳ ತಲೆಯಲ್ಲಿ ಅದೊಂದೇ ತಿರುಗುತ್ತಿದೆ, ಅತ್ತೆ ಕೋಜಾ ಅಂದುಬಿಟ್ಟರೆ, ಅನ್ನುತ್ತಾಳೆ, ಹಟಮಾರಿ, ಕೋಜಾ ಅಂದೇ ಅನ್ನುತ್ತಾಳೆ, ಕೋಜಾ, ಕೋಜಾ.

ಇವ್ರು ಕಿವುಡಿ ಅಣ್ಣ, ನಮ್ಮತ್ತೆ, ಏನೂ ಕೇಳಿಸಲ್ಲ, ಅಂದಳು ಸನೋಬರ್ ಸರದಿ ಬಂದಾಗ. ಚರ್ಮದ ಕೋಟಿನವನು ತಲೆಯಾಡಿಸಿದ, ಅಯ್ಯೋ ಪಾಪ ಅಂದ, ಅತ್ತೆಯ ಕಿವಿಯ ಪಕ್ಕಕ್ಕೆ ನಳಿಗೆ ತಂದು ಬಸ್ಸಿನ ಸೂರಿಗೆ ಗುಂಡು ಹೊಡೆದ, ಮುದುಕಿಯ ಮೈ ಇಡೀ ಹಾರಿಬಿತ್ತು, ಅವನು ನಕ್ಕ, ಔಷಧಿ ಇಲ್ದೇನೇ ವಾಸಿ ಆಯ್ತಲ್ಲ, ಹಾಡಜ್ಜಿ. ಅತ್ತೆ ಹಾಡಿದಳು. ತುಟಿಗಳು ದುಂಡಗಾದವು, ನೆರಿಗೆಯೆಲ್ಲ ಒಂದೇ ಬಿಂದುವಿಗೆ ಸೇರಿಕೊಂಡಿತು, ಕೂಜಾ ಹೊತ್ತು ಬಾರೆ — ಅದು ರೇಡಿಯೊದ ಹಾಡು, ಕೆಳಗಿನ ಕಣಿವೆಯ ಕೂಜಾ, ಅದೂ ಅಲ್ಲ, ಅದು ಸನೋಬರಳದೇ ಹಾಡು, ಬಾರೆಗೆ ಮುಂಚೆ ಅವಳು ಕದಿಯುವ ಸಣ್ಣ ಉಸಿರು, ದಾರೀಲಿ ಎನ್ನುವಲ್ಲಿ ರೆಕಾರ್ಡಿಂಗಿನ ದಿನ ನೆಗಡಿಯಿಂದ ಧ್ವನಿ ಕೊಂಚ ಕರಗಿದ್ದು, ಅದೂ ಹಾಗೆಯೇ ಇದೆ, ಹಾಗಾದರೆ ಅಡುಗೆಮನೆಯಲ್ಲಿ ಪಾತ್ರೆ ಸದ್ದು ಮಾಡುತ್ತ ಮುದುಕಿ ದಿನಾ ಕೇಳುತ್ತಿದ್ದಳು, ಒಂದು ದಿನವೂ ಬಿಡದೆ, ಒಂದು ಉಸಿರೂ ಬಿಡದೆ, ಹದಿನೆಂಟು ವರ್ಷ. ಭಲೇ ಅಜ್ಜಿ, ರೇಡಿಯೊ ಕೇಳ್ದಂಗೇ ಇದೆ, ನೀನು ನಮ್ಮೋಳು. ಈಗ ನೀನಮ್ಮ. ಅವಳಿಗೆ ಅಳು ಬರುತ್ತಿತ್ತು, ನಗುವೂ, ಬಾಯಿ ತೆರೆದಳು, ಹೆದರಬೇಕಾಗಿರಲಿಲ್ಲ, ಇಡೀ ದೇಶಕ್ಕೆ ಕೂಜಾ ಹೇಳಿಕೊಟ್ಟ ಬಾಯಿ ಅದು, ಅದರೊಳಗೆ ತೊಟ್ಟಿಲು ತೂಗುತ್ತಿದ್ದ ಮುದುಕಿಯ ಧ್ವನಿ, ಕೆಂಪಾದ ಮಗುವಿನ ಕೆನ್ನೆ, ಬಾಯಿಂದ ಬಂದದ್ದು — ಕೋಜಾ.

ಅವಳಿಗೇ ಕೇಳಿಸಿತು. ತಲೆಕೂದಲಿಗೆ ಕೈ ಬಿತ್ತು, ತಲೆವಸ್ತ್ರ ಕಿತ್ತುಬಂತು, ಹಜಾರದಲ್ಲಿ ಮೊಣಕಾಲು ಜೀರಿಗೆಯ ಮೇಲೆ ಜಾರಿತು, ಅಷ್ಟರಲ್ಲಿ ಹಿಂದೆ ಮುದುಕಿ ಎದ್ದು ನಿಂತಿದ್ದಳು, ಸೀಟಿನ ಕಂಬಿ ಹಿಡಿದು, ಬಿಡೋ ಅವಳನ್ನ ಮುಂಡೇದೇ, ಅವಳು ನಿಮ್ಮೋಳು ಕಣೋ, ಕೆಳಗಿನ ಕಣಿವೇಲಿ ಹುಟ್ಟಿದೋಳು, ನನ್ನ ಸೊಸೆ, ನನ್ನ ಬಾಯಿಂದ ಕಲಿತ ಮಾತು ಅದು, ದಿನಾ ಬೆಳಗ್ಗೆ ರೇಡಿಯೊದಲ್ಲಿ ಬರೋಳು ಇವಳೇ, ಕೇಳಿಲ್ವಾ ನಿಮ್ಮಮ್ಮನ ಮನೇಲಿ, ಮೇಲಿನೋಳು ನಾನು — ಆಮೇಲೆ ಎದೆ ತುಂಬಿ, ಹೊಳೆಯಾಚೆಯವರಿಗೂ ಕೇಳಿಸುವಂತೆ, ಕೋಜಾ ಹೊತ್ತು ಬಾರೆ. ಮಫ್ಲರಿನವನು ಹಿರಿಯನ ಮುಖ ನೋಡಿದ. ಹಿರಿಯ ಸನೋಬರಳ ಗಲ್ಲ ಎತ್ತಿ ಹಿಡಿದ, ಹೌದೇನೇ, ನೀನೇನಾ ಅದು, ಹಾಡು ಕೇಳೋಣ, ಪೂರ್ತಿ ಹಾಡು, ಅಂದ, ಧ್ವನಿಯಲ್ಲಿ ಮರ್ಯಾದೆ ಇತ್ತು. ಅವಳು ಹಾಡಿದಳು. ಹಾಡಲಾರೆ ಅನ್ನಬಹುದಿತ್ತು, ಅತ್ತೆಯನ್ನು ಬಿಡಿ ಆಮೇಲೆ ಹಾಡ್ತೀನಿ ಅನ್ನಬಹುದಿತ್ತು, ಅನ್ನಲಿಲ್ಲ, ಮೊಣಕಾಲೂರಿಕೊಂಡೇ ಹಾಡಿದಳು, ಕೂಜಾ, ಒಂದು ಸ್ವರ ತಪ್ಪಲಿಲ್ಲ, ಸರಿಯಾದ ಜಾಗದಲ್ಲಿ ಉಸಿರು ತೆಗೆದುಕೊಂಡಳು, ಪಕ್ಕದಲ್ಲೇ ಅತ್ತೆಯನ್ನು ಎಳೆದುಕೊಂಡು ಹೋದರು, ಮುದುಕಿಯ ತಲೆವಸ್ತ್ರದ ತುದಿ ಭುಜಕ್ಕೆ ಸವರಿ ಹೋಯಿತು, ಕಣ್ಣು ಕಟ್ಟೋ ಕೆಲ್ಸ ಉಳೀತು ಅಂತ ಒಬ್ಬ ನಕ್ಕ, ಮೆಟ್ಟಿಲಿದೆ ಅಜ್ಜಿ, ಜೋಪಾನ ಅಂತ ಇನ್ನೊಬ್ಬ, ಹಿರಿಯ ಕಣ್ಣು ಮುಚ್ಚಿ ತಲೆದೂಗುತ್ತಿದ್ದಾನೆ, ಚಿನ್ನದ ಹಲ್ಲಿನವನು ಗುನುಗುತ್ತಿದ್ದಾನೆ, ಬಸುರಿ ಗುನುಗುತ್ತಿದ್ದಾಳೆ, ಇಡೀ ಬಸ್ಸು ಗುನುಗುತ್ತಿದೆ, ಯಾರಿಗೆ ಬರುವುದಿಲ್ಲ ಈ ಹಾಡು, ಒಡೆದ ಕಿಟಕಿಯ ಪಕ್ಕದ ಗಾಜಿನಲ್ಲಿ ಪಾಪ್ಲರ್ ಮರ, ಮರಕ್ಕೆ ಒರಗಿಸಿದ ಮುದುಕಿ, ಬಿಳಿ ಬ್ಯಾಂಡೇಜು ಬಸ್ಸಿನ ಕಡೆಗೆ ತಿರುಗಿದೆ, ಕೇಳುತ್ತಿದ್ದಾಳೆ, ಜೊತೆಗೆ ಹಾಡುತ್ತಿದ್ದಾಳೆ, ತುಟಿ ಆಡುತ್ತಿದೆ, ಬಸ್ಸಿನ ಗುನುಗಿನಲ್ಲಿ ಅವಳ ಧ್ವನಿ ಕೇಳುವುದಿಲ್ಲ, ಮುದುಕಿ ಪಲ್ಲವಿಗೆ ಬಂದಳು, ಸನೋಬರ್ ಬಂದಳು, ಇಬ್ಬರೂ ಒಟ್ಟಿಗೆ ಬಂದರು, ಗುಂಡಿನ ಸದ್ದಾಯಿತು, ಸನೋಬರ್ ನಿಲ್ಲಿಸಲಿಲ್ಲ, ನಿಲ್ಲಿಸು ಅಂತ ಯಾರೂ ಹೇಳಿರಲಿಲ್ಲ, ಮರದ ಬುಡದಲ್ಲಿ ಆ ತುಟಿಗಳು, ದುಂಡಗೆ, ನೆರಿಗೆಯೆಲ್ಲ ಒಂದು ಬಿಂದುವಿಗೆ ಸೇರಿ, ಮುಚ್ಚದೆ, ದುಂಡಗೆ, ಕೂ ಅನ್ನಲಿಕ್ಕೋ ಕೋ ಅನ್ನಲಿಕ್ಕೋ, ದುಂಡಗೆ —