ಒಂಟಿ ಎಳೆಗಳ ವಕೀಲೆ

ಕೈಯಲ್ಲಿ ಏನೂ ಇಲ್ಲದಾಗಲೂ ಕಂಠಮಟ್ಟ ತುಂಬಿದ ಫ್ಲಾಸ್ಕು ಹಿಡಿದವಳಂತೆ ತುಳುಕದೆ ನಡೆಯುವವಳು ನಮ್ಮ ದೊಡ್ಡಮ್ಮನ ಮಗಳು. ಬಸ್ಸು ಹೊರಟರೂ ಅಷ್ಟೇ, ಮೇಲಧಿಕಾರಿ ಕರೆದರೂ ಅಷ್ಟೇ. ಜೇಬಿನ ಅಂಚಿಗೆ ಹಸಿರು ಕಲೆ ಹತ್ತಿದ ಬಿಳಿ ಕೋಟು, ಕಿವಿಯ ಹಿಂದೆ ಪೆನ್ಸಿಲು, ಮಾತಿಗೊಮ್ಮೆ "ಸ್ವಲ್ಪ ತಾಳು". ಪಾಚಿಯ ಡಿಎನ್‌ಎ ಅಭ್ಯಾಸ ಮಾಡುವವಳಿಗೆ ಇದಕ್ಕಿಂತ ತಕ್ಕ ಮಂತ್ರವಿಲ್ಲವೆಂದು ನನ್ನಂಥ ಸಿಡುಕನಿಗೆ ಅರ್ಥವಾದದ್ದು ಅವಳು ತನ್ನ ಕೆಲಸವನ್ನು ವಿವರಿಸಿದ ಮೇಲೆಯೇ.

ಡಿಎನ್‌ಎಯನ್ನು ತುಂಡರಿಸಿ ಕಾಯಿಸಿದರೆ ಅದರ ಜೋಡಿ ಎಳೆಗಳು ಬೇರ್ಪಡುತ್ತವೆ. ಕಾವು ಇಳಿಸಿದರೆ ಪ್ರತಿ ಎಳೆಯೂ ತನ್ನ ಜೊತೆಯನ್ನು ಹುಡುಕುತ್ತದೆ. ಸಾವಿರಾರು ಪ್ರತಿಗಳಿರುವ ತುಣುಕಿಗೆ ಜೊತೆ ಥಟ್ಟನೆ ಸಿಗುತ್ತದೆ. ಇಡೀ ಜೀನೋಮಿನಲ್ಲಿ, ಅಂದರೆ ಆ ಜೀವಿಯ ಒಟ್ಟು ಡಿಎನ್‌ಎಯಲ್ಲಿ, ಒಂದೇ ಒಂದು ಸಲ ಬರುವ ತುಣುಕು ಮಾತ್ರ ದಿನಗಟ್ಟಲೆ ಅಲೆಯಬೇಕು.

"ನಿನ್ನ ಹಾಗೇ ಅಕ್ಕ, ಇನ್ನೂ ಜೋಡಿ ಸಿಕ್ಕಿಲ್ಲ" ಎಂದೆ.

"ಸಿಗಲಿಲ್ಲ ಅಂತ ಯಾರೋ ಹೇಳಿದ್ದು? ಬಂದವರು ತಾಳಲಿಲ್ಲ, ಅಷ್ಟೇ."

ನಾನು ಅವಳ ಪ್ರಯೋಗಾಲಯದಲ್ಲಿದ್ದಾಗಲೇ ಒಂದು ಮಧ್ಯಾಹ್ನ ವಿಭಾಗದ ಮುಖ್ಯಸ್ಥರು ಬಂದರು. ಕೊಳವೆಗಳಲ್ಲಿ ಎಷ್ಟೋ ಎಳೆಗಳು ಇನ್ನೂ ಒಂಟಿಯಾಗಿಯೇ ಇದ್ದವು. ಮರುದಿನದ ಸಭೆಯಲ್ಲಿ ಫಲಿತಾಂಶ ತೋರಿಸದಿದ್ದರೆ ಆ ಕೋಣೆ ಬೇರೆಯವರ ಪಾಲಾಗುವುದಿತ್ತು.

"ಜೊತೆಯಾದದ್ದನ್ನ ಲೆಕ್ಕಕ್ಕೆ ತಗೊಳ್ಳಿ ಮೇಡಂ. ಉಳಿದದ್ದು ಹಾಳಾದ ಚೂರು ಅಂತ ಬರೆದುಬಿಡಿ, ಮುಗೀತು."

"ಬಾಗಿಲು ಬೇಗ ತೆಗೆದವರನ್ನಷ್ಟೇ ಎಣಿಸಿದ್ರೆ ಅದು ಜನಗಣತೀನಾ ಸಾರ್?"

"ಕೋಣೆ ಹೋಗತ್ತೆ, ನೋಡಿ!"

"ಹೋಗ್ಲಿ. ಇವು ಹಾಳಾಗಿವೆಯೋ ಇಲ್ಲವೋ ನನಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಹೇಗೆ ಬರೀಲಿ?"

ಕೋಣೆ ಹೋಯಿತು. ಆ ಮುಖ್ಯಸ್ಥರ ಮಾನವನ್ನು ಪತ್ರಿಕೆಯಲ್ಲಿ ಹರಾಜು ಹಾಕುತ್ತೇನೆಂದು ನಾನು ಹಲ್ಲು ಕಡಿದು ಹಾರಾಡಿದೆ.

"ಆಮೇಲೆ ಹಾಕುವೆಯಂತೆ. ಕಾವು ಆರೋದ್ರೊಳಗೆ ಈ ಕಡೆ ಹಿಡ್ಕೊ" ಎಂದು ಕೊಳವೆಗಳಿದ್ದ ಬಿಸಿನೀರಿನ ತೊಟ್ಟಿಯ ಒಂದು ತುದಿಯನ್ನು ನನಗೊಪ್ಪಿಸಿದಳು.

ಮೆಟ್ಟಿಲ ಕೆಳಗೆ, ಮುರಿದ ಕುರ್ಚಿಗಳ ನಡುವೆ, ಪ್ರಯೋಗ ಮುಂದುವರಿಯಿತು. ಕೆಲವೇ ದಿನಗಳಲ್ಲಿ ಒಂಟಿ ಎಳೆಗಳು ಒಂದೊಂದಾಗಿ ಜೊತೆಗೂಡತೊಡಗಿದವು. ಆ ಪಾಚಿಯ ಜೀನೋಮಿನಲ್ಲಿ ಅರ್ಧಕ್ಕಿಂತ ಹೆಚ್ಚು ಅವೇ! ಉದ್ದನೆಯ ತುಂಡುಗಳನ್ನಿಟ್ಟು ಪರೀಕ್ಷಿಸಿದಾಗ, ಸಾವಿರಾರು ಸಲ ಮರುಕಳಿಸುವ ತುಣುಕುಗಳ ನಡುನಡುವೆಯೇ ಅವು ಹೆಣೆದುಕೊಂಡಿದ್ದುದೂ ಕಂಡಿತು.

"ನೋಡೋ, ಇವರ ಹಾಳಾದ ಚೂರುಗಳನ್ನ!" ಎಂದು ಕುಣಿದವಳು ಮೆಟ್ಟಿಲಿಗೆ ತಲೆ ಬಡಿಸಿಕೊಂಡು, ಹಣೆ ಉಜ್ಜುತ್ತಲೇ ನಕ್ಕಳು.

ಇಂಥವರನ್ನು ಕಚೇರಿಗಳು ಮೊಂಡರೆನ್ನುತ್ತವೆ. ಸಾವಿರ ಸಲ ಕೂಗಿದ್ದೇ ಸತ್ಯವೆನಿಸಿಕೊಳ್ಳುವ ಲೋಕದಲ್ಲಿ, ಒಂದೇ ಒಂದು ಸಲ ನುಡಿದದ್ದಕ್ಕೂ ಕಿವಿಗೊಟ್ಟು ಕೂರುವ ಈ ಮೊಂಡರು ಇಲ್ಲದಿದ್ದರೆ, ನಾವು ಜ್ಞಾನವೆಂದು ಹೊತ್ತು ತಿರುಗುವುದೆಲ್ಲ ಬರೀ ಗದ್ದಲವಾಗಿರುತ್ತಿತ್ತು.